ಒಂದು ಮುಖಕ್ಕೆ ಎಷ್ಟು ಚುಕ್ಕೆಗಳು ಬೇಕು?

ಗಡಿನಾಡಿನ ಯಾವ ಪೇಟೆಗೆ ಹೋದರೂ ಮೊಬೈಲ್ ಅಂಗಡಿಗಳ ಮುಂದೆ ದೊಡ್ಡ ಅಂಕಿಗಳು ಕಣ್ಣಿಗೆ ಬೀಳುತ್ತವೆ: 50, 64, 108, 200. ಅವು ಬೆಲೆಯ ಅಂಕಿಗಳಲ್ಲ, ಕ್ಯಾಮರಾದ ಮೆಗಾಪಿಕ್ಸೆಲುಗಳು. ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ಆದೋನಿಯಲ್ಲಿ ತೆಲುಗಿನಲ್ಲಿ ಮಾರುವವನು ಹೇಳುವ ಮಾತು ಒಂದೇ. ಅಂಕಿ ದೊಡ್ಡದಾದಷ್ಟೂ ಚಿತ್ರ ಸೊಗಸು ಎಂಬುದು ಅವನ ವಾದ. ಮನೆಯ ಹಿರಿಯರು ಹಣ ಕೊಡುತ್ತಾರೆ; ಕಿರಿಯರು ಅಂಕಿಯನ್ನು ನೋಡಿ ಆರಿಸುತ್ತಾರೆ. ಎರಡು ವರ್ಷಗಳೊಳಗೆ ಇನ್ನೂ ದೊಡ್ಡ ಅಂಕಿ ಬರುತ್ತದೆ. ಮತ್ತೆ ಹಣ ಕೊಡಬೇಕಾಗುತ್ತದೆ.

ನಾವು ಛಾಯಾಗ್ರಾಹಕರಲ್ಲ. ಆದರೆ ಹಳ್ಳಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು, ಪ್ರತಿವರ್ಷವೂ ಮಕ್ಕಳ ಗ್ರೂಪ್ ಫೋಟೋ ತೆಗೆಸುವ ಹೊಣೆ ಹೊತ್ತವರು. ಚಿತ್ರಕ್ಕೆ ಎಷ್ಟು ಮೆಗಾಪಿಕ್ಸೆಲ್ ಬೇಕು ಎಂಬ ಪ್ರಶ್ನೆ ಹೊರನೋಟಕ್ಕೆ ಯಂತ್ರದ ಪ್ರಶ್ನೆಯಂತೆ ತೋರಿದರೂ ಮೂಲತಃ ಏಳನೆಯ ತರಗತಿಯ ಲೆಕ್ಕವೇ ಆಗಿದೆ. ಆ ಲೆಕ್ಕ ಬಲ್ಲವರು ಅಂಗಡಿಯ ಅಂಕಿಗೆ ಮರುಳಾಗಬೇಕಾಗಿಲ್ಲ. ಅಷ್ಟೇ ಅಲ್ಲ, ಮನೆಯ ಹಿರಿಯರ ಮುಖವೊಂದನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ಈ ಲೆಕ್ಕದ ಮೇಲೆಯೇ ನಿಂತಿರುವುದನ್ನು ನಾವು ಕಂಡಿದ್ದೇವೆ.

ಚೌಕುಳಿ ಕಾಗದವೊಂದನ್ನು ಮರದ ಚಿತ್ರದ ಮೇಲೆ ಇರಿಸಿ, ಪ್ರತಿಯೊಂದು ಚೌಕಕ್ಕೂ ಅದರೊಳಗೆ ಕಾಣುವ ಬಣ್ಣವನ್ನು ಒಂದೇ ಸಮನಾಗಿ ತುಂಬಿದರೆ, ಹತ್ತಿರದಿಂದ ಅದು ಬಣ್ಣದ ತೇಪೆಗಳಂತೆ ಕಾಣುವುದು. ದೂರ ಸರಿದರೆ ಮರವೇ ಕಾಣುವುದು. ಆ ಒಂದೊಂದು ಚೌಕವೇ ಪಿಕ್ಸೆಲ್. ಹತ್ತು ಲಕ್ಷ ಚೌಕಗಳು ಸೇರಿದರೆ ಒಂದು ಮೆಗಾಪಿಕ್ಸೆಲ್. ಇಲ್ಲಿ ಮಕ್ಕಳೂ ದೊಡ್ಡವರೂ ಸಮಾನವಾಗಿ ತಪ್ಪುವ ಜಾಗವೊಂದಿದೆ. 10 ಸಾಲು, 10 ಕಂಬಗಳಿದ್ದರೆ ಚೌಕಗಳು 100. ಗೆರೆಗಳನ್ನು ಎರಡು ಪಟ್ಟು ಒತ್ತಾಗಿ ಎಳೆದರೆ ಚೌಕಗಳು 200 ಆಗುವುದಿಲ್ಲ, 400 ಆಗುತ್ತವೆ. ಆದುದರಿಂದ 12 ಮೆಗಾಪಿಕ್ಸೆಲಿನ ಕ್ಯಾಮರಾಕ್ಕಿಂತ ಎರಡು ಪಟ್ಟು ಸೂಕ್ಷ್ಮವಾದ ಗೆರೆ ಬೇಕಾದರೆ 24 ಸಾಲದು, 48 ಬೇಕು. 24ರಿಂದ ದೊರೆಯುವ ಹೆಚ್ಚಳ ಒಂದೂ ಕಾಲು ಪಟ್ಟು ಮೀರಿ ಒಂದೂವರೆಗಿಂತ ಕಡಿಮೆ. 108ರ ಅಂಕಿ ನಿಜಕ್ಕೂ ಮೂರು ಪಟ್ಟು ಮಾತ್ರ. 200 ಎಂದರೆ ನಾಲ್ಕು ಪಟ್ಟು. ವರ್ಗಮೂಲ ತೆಗೆದೊಡನೆ ಜಾಹೀರಾತಿನ ಅರ್ಧ ಗಾಳಿ ಇಳಿದುಹೋಗುತ್ತದೆ.

ಚಿತ್ರವನ್ನು ಚೌಕಗಳಾಗಿ ಒಡೆಯುವ ಈ ವಿದ್ಯೆ ಬಹಳ ಹಳೆಯದೇನಲ್ಲ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ತನ್ನ ಮೂರು ತಿಂಗಳ ಕೂಸಿನ ಭಾವಚಿತ್ರವನ್ನು ಗಣಕಯಂತ್ರಕ್ಕೆ ಊಡಿದಾಗ ಅದರಲ್ಲಿ ಇದ್ದುದು ಉದ್ದಗಲಕ್ಕೆ 176ರಂತೆ ಸುಮಾರು 31 ಸಾವಿರ ಚೌಕಗಳು. 1975ರಲ್ಲಿ ಕೊಡಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಮೂರೂವರೆ ಕಿಲೋಗ್ರಾಮಿಗೂ ಮಿಗಿಲಾದ ತೂಕದ್ದು. ಅದರ ಚಿತ್ರದಲ್ಲಿ ಇದ್ದುದು 10,000 ಚೌಕಗಳು ಮಾತ್ರ. ಆ ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಅಂದು ಚೌಕಗಳ ಬರವಿತ್ತು. ಆದುದರಿಂದ ಅಂಕಿ ಏರುವುದೇ ಪ್ರಗತಿಯಾಗಿತ್ತು. 1999ರಲ್ಲಿ ನಿಕಾನ್ ಡಿ1 ಎಂಬ ಕ್ಯಾಮರಾ ಬಂದಾಗ ವೃತ್ತಪತ್ರಿಕೆಗಳ ಛಾಯಾಗ್ರಾಹಕರು ಫಿಲ್ಮನ್ನು ಬಿಟ್ಟು ಅದರ ಕಡೆಗೆ ಹೊರಳತೊಡಗಿದರು. ಅದರಲ್ಲಿದ್ದುದು 27 ಲಕ್ಷ ಚೌಕಗಳು. ಇಂದು ಅಗ್ಗದ ಫೋನಿನಲ್ಲಿಯೂ ಅದರ ಹಲವು ಪಟ್ಟು ಇವೆ. ಬರ ಎಂದೋ ಹೋಯಿತು, ಮಾರುವವರ ಹಸಿವು ಮಾತ್ರ ಹೋಗಿಲ್ಲ.

ಹಾಗಾದರೆ ಎಷ್ಟು ಸಾಕು? ಇದಕ್ಕೆ ಉತ್ತರ ಕ್ಯಾಮರಾದಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಶಿಕ್ಷಕ ತರಬೇತಿಯಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಕರಿಹಲಗೆಯ ಬರವಣಿಗೆಯೂ ಒಂದು. ಅಕ್ಷರ ಎಷ್ಟು ದೊಡ್ಡದಿರಬೇಕು ಎಂದರೆ ಕೊನೆಯ ಬೆಂಚಿನ ಮಗು ಓದುವಷ್ಟು. ಅದಕ್ಕಿಂತ ದೊಡ್ಡದಾಗಿ ಬರೆದರೆ ಹಲಗೆ ವ್ಯರ್ಥ, ಚಿಕ್ಕದಾಗಿ ಬರೆದರೆ ಪಾಠ ವ್ಯರ್ಥ. ಕಣ್ಣಿನ ವೈದ್ಯರ ಗೋಡೆಯ ಮೇಲಿನ ಅಕ್ಷರಪಟವೂ ಇದೇ ನಿಯಮದ ಮೇಲೆ ನಿಂತಿದೆ. 1862ರಲ್ಲಿ ಹಾಲೆಂಡಿನ ಸ್ನೆಲೆನ್ ಎಂಬ ವೈದ್ಯರು ರೂಪಿಸಿದ ಆ ಪಟದಲ್ಲಿ, 6 ಮೀಟರ್ ದೂರದಿಂದ ನೆಟ್ಟಗಿನ ಕಣ್ಣು ಓದಬೇಕಾದ ಅಕ್ಷರದ ಎತ್ತರ 9 ಮಿಲಿಮೀಟರಿಗೆ ತುಸು ಕಡಿಮೆ. ಅದರ ಒಂದೊಂದು ಗೆರೆಯ ದಪ್ಪ ಅದರ ಐದನೆಯ ಒಂದು ಪಾಲು. ಇದನ್ನು ಕೈಯಲ್ಲಿ ಹಿಡಿದು ನೋಡುವ ಫೋಟೋಕ್ಕೆ ಅನ್ವಯಿಸಿದರೆ, 10 ಅಂಗುಲ ದೂರದಲ್ಲಿ ಒಂದಂಗುಲಕ್ಕೆ ಸುಮಾರು 350 ಚುಕ್ಕೆಗಳಿಗಿಂತ ಹೆಚ್ಚಾದುದನ್ನು ಸಾಮಾನ್ಯ ಕಣ್ಣು ಬಿಡಿಬಿಡಿಯಾಗಿ ಕಾಣದು. ಮುದ್ರಣಾಲಯಗಳವರು ಒಂದಂಗುಲಕ್ಕೆ 300 ಎಂಬ ಲೆಕ್ಕವನ್ನು ಹಿಡಿದಿರುವುದು ಇದಕ್ಕೆ ಹತ್ತಿರದ್ದೇ.

ಈ 300ನ್ನು ಹಿಡಿದು ಗುಣಿಸುತ್ತ ಹೋಗೋಣ. ಆಲ್ಬಮ್ಮಿಗೆ ಅಂಟಿಸುವ 4 ಅಂಗುಲ, 6 ಅಂಗುಲದ ಪ್ರಿಂಟಿಗೆ ಬೇಕಾದುದು 1200 ಗುಣಿಸು 1800, ಅಂದರೆ 22 ಲಕ್ಷಕ್ಕೂ ಕಡಿಮೆ ಚುಕ್ಕೆಗಳು. ಮಾಸಪತ್ರಿಕೆಯ ಪುಟದಲ್ಲಿ 5 ಅಂಗುಲ, 7 ಅಂಗುಲದ ಚಿತ್ರಕ್ಕೆ ಮೂವತ್ತೊಂದೂವರೆ ಲಕ್ಷ ಸಾಕು. ಗೋಡೆಗೆ ತೂಗುಹಾಕುವ 8 ಅಂಗುಲ, 12 ಅಂಗುಲದ ಚಿತ್ರಕ್ಕೆ 86 ಲಕ್ಷ. ಇನ್ನು ದೂರದರ್ಶನದ ತೆರೆಯ ಮೇಲೆ ನೋಡುವುದಾದರೆ, 4ಕೆ ಎಂದು ಕರೆಯುವ ದುಬಾರಿ ತೆರೆಯಲ್ಲಿಯೂ ಇರುವುದು 83 ಲಕ್ಷ ಚುಕ್ಕೆಗಳು ಮಾತ್ರ. ಅದಕ್ಕಿಂತ ಹೆಚ್ಚಿನವನ್ನು ತೋರಿಸಲು ಆ ತೆರೆಯಲ್ಲಿ ಜಾಗವೇ ಇಲ್ಲ.

ಜಾತ್ರೆಗೂ ಶಾಲಾ ವಾರ್ಷಿಕೋತ್ಸವಕ್ಕೂ ಕಟ್ಟುವ ಫ್ಲೆಕ್ಸಿನ ವಿಷಯ ಬಂದಾಗ ಎಲ್ಲರೂ ತಲೆಯಲ್ಲಾಡಿಸುತ್ತಾರೆ: ಅಷ್ಟು ದೊಡ್ಡದಕ್ಕೆ ದೊಡ್ಡ ಕ್ಯಾಮರಾ ಬೇಡವೇ? ಬೇಡ. 10 ಅಡಿ ಉದ್ದ, 6 ಅಡಿ ಎತ್ತರದ ಫ್ಲೆಕ್ಸನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. 10 ಅಡಿ ದೂರ ನಿಂತವನ ಕಣ್ಣಿಗೆ ಒಂದಂಗುಲಕ್ಕೆ 30 ಚುಕ್ಕೆಗಳಿದ್ದರೆ ತುಂಬಿತು. ಲೆಕ್ಕ ಮಾಡಿದರೆ ಒಟ್ಟು 78 ಲಕ್ಷ. ಗೋಡೆಯ ಚಿತ್ರಕ್ಕೆ ಬೇಕಾದುದಕ್ಕಿಂತಲೂ ಇದು ಕಡಿಮೆಯೇ! ಚಿತ್ರ ದೊಡ್ಡದಾದಂತೆ ನೋಡುವವನು ಹಿಂದೆ ಸರಿಯುತ್ತಾನೆ ಎಂಬ ಸರಳ ಸಂಗತಿಯನ್ನು ಮಾರುವವನು ಹೇಳುವುದಿಲ್ಲ.

ಆದುದರಿಂದ ಗೃಹಸ್ಥರ ಸಾಮಾನ್ಯ ಬಳಕೆಗೆ 8ರಿಂದ 12 ಮೆಗಾಪಿಕ್ಸೆಲ್ ಸಾಕೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಇದು ಬಡವರ ಸಮಾಧಾನದ ಮಾತಲ್ಲ. ಕ್ರೀಡೆ, ವಾರ್ತೆಗಳ ವೃತ್ತಿಪರರಿಗಾಗಿ ಕ್ಯಾನನ್ ಕಂಪೆನಿ 2024ರಲ್ಲಿ ಹೊರತಂದ ಲಕ್ಷಗಟ್ಟಲೆ ಬೆಲೆಯ ಆರ್1 ಕ್ಯಾಮರಾದಲ್ಲಿರುವುದು ಕೇವಲ 24 ಮೆಗಾಪಿಕ್ಸೆಲ್. ಮಂದ ಬೆಳಕಿನ ಕೆಲಸಕ್ಕೆಂದು ಸೋನಿ ಕಂಪೆನಿ 2014ರಲ್ಲಿ ರೂಪಿಸಿದ ಎ7ಎಸ್ ಕ್ಯಾಮರಾದಲ್ಲಿ ಬೇಕೆಂದೇ 12 ಇರಿಸಿದ್ದರು. ಚೌಕಗಳು ಕಡಿಮೆಯಾದರೆ ಒಂದೊಂದು ಚೌಕ ದೊಡ್ಡದಾಗುತ್ತದೆ. ಮಳೆಗಾಲದಲ್ಲಿ ಸೂರಿನಡಿ ಇಟ್ಟ ಅಗಲಬಾಯಿಯ ಪಾತ್ರೆಯಂತೆ ಅದು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲೋ, ದೊಂದಿಯ ಬೆಳಕಿನ ಕೋಲದಲ್ಲೋ ಚಿತ್ರ ತೆಗೆದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಫೋನಿನಲ್ಲಿ 200 ಎಂಬುದು ಸುಳ್ಳೇ? ಸುಳ್ಳಲ್ಲ, ಅರ್ಧ ನಿಜ. 1976ರಲ್ಲಿ ಕೊಡಕ್ಕಿನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಉಪಾಯವೊಂದನ್ನು ಇಂದಿನ ಬಹುತೇಕ ಕ್ಯಾಮರಾಗಳು ಅನುಸರಿಸುತ್ತವೆ. ಒಂದೊಂದು ಚೌಕದ ಮುಂದೆಯೂ ಒಂದೊಂದು ಬಣ್ಣದ ಗಾಜಿನಂತಹ ಪೊರೆ ಇರುತ್ತದೆ: ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಹಸಿರಿಗೆ ಕಣ್ಣು ಹೆಚ್ಚು ಚುರುಕಾದುದರಿಂದ ಅದಕ್ಕೆ ಎರಡು ಪಾಲು. ಅಂದರೆ ಪ್ರತಿ ಚೌಕವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದೆರಡನ್ನು ನೆರೆಯವರಿಂದ ಕೇಳಿ ಊಹಿಸಿಕೊಳ್ಳುತ್ತದೆ. ದೊಡ್ಡ ಅಂಕಿಯ ಫೋನುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾ ಫೋನಿನ 200 ಮೆಗಾಪಿಕ್ಸೆಲಿನಲ್ಲಿ ಅಕ್ಕಪಕ್ಕದ 16 ಚೌಕಗಳಿಗೆ ಒಂದೇ ಬಣ್ಣದ ಪೊರೆ. ಸಾಮಾನ್ಯವಾಗಿ ತೆಗೆದಾಗ ಆ 16ನ್ನೂ ಒಂದಾಗಿ ಕೂಡಿಸಿ ಅದು ಕೊಡುವುದು 12 ಮೆಗಾಪಿಕ್ಸೆಲಿನ ಚಿತ್ರವನ್ನೇ. 2012ರಲ್ಲಿ ನೋಕಿಯಾ ಕಂಪೆನಿ 41ರ ಅಂಕಿಯ ಫೋನನ್ನು ತಂದಾಗಲೂ ಹೀಗೆಯೇ ಕೂಡಿಸಿ 5 ಕೊಡುತ್ತಿತ್ತು. ಕೂಡಿಸುವುದು ಒಳ್ಳೆಯ ಕ್ರಮವೇ. ಅದರಿಂದ ಮಂದ ಬೆಳಕಿನಲ್ಲಿ ಚಿತ್ರ ಶುಭ್ರವಾಗುತ್ತದೆ. ಆದರೆ ಹಣ ಕೊಟ್ಟವನು ತನ್ನ ಬಳಿ 200 ಇದೆಯೆಂದು ತಿಳಿದು 12ನ್ನು ನೋಡುತ್ತಿರುತ್ತಾನೆ.

ಕೂಡಿಸದೆ 200ನ್ನೇ ಪಡೆಯುವ ಗುಂಡಿಯೂ ಅದರಲ್ಲಿ ಇದೆ. ಅಲ್ಲಿ ಬೆಳಕಿನ ಸ್ವಭಾವವೇ ಅಡ್ಡ ನಿಲ್ಲುತ್ತದೆ. ಎಂತಹ ಉತ್ತಮ ಮಸೂರವೂ ಬೆಳಕಿನ ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಅಲೆಯಾದ ಬೆಳಕು ಸ್ವಲ್ಪ ಹರಡಿಯೇ ತೀರುತ್ತದೆ. ಆ ಫೋನಿನ ಮಸೂರದಲ್ಲಿ ಹಸಿರು ಬೆಳಕಿನ ಬಿಂದು ಸುಮಾರು 2.3 ಮೈಕ್ರಾನ್ ಅಗಲದ ಮಚ್ಚೆಯಾಗುತ್ತದೆ. ಚೌಕದ ಅಗಲವೋ 0.6 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒಂದು ಬಿಂದು ಅಡ್ಡಕ್ಕೆ ನಾಲ್ಕು ಚೌಕಗಳನ್ನು ಆವರಿಸಿದ ಮೇಲೆ ಚೌಕಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸಿ ಹೆಚ್ಚೇನು ಲಾಭ? ದಪ್ಪ ತುದಿಯ ಸೀಮೆಸುಣ್ಣದಿಂದ ಸಣ್ಣ ಚೌಕುಳಿಯ ಕಾಗದದ ಮೇಲೆ ಬರೆದಂತೆಯೇ ಸರಿ. ಇದರ ಮೇಲೆ ಕೈ ನಡುಗಿದರೆ ಹೇಳುವುದೇ ಬೇಡ.

ಇಷ್ಟು ಯಂತ್ರದ ಮಾತಾಯಿತು. ಈ ಲೆಕ್ಕ ಮನೆಯೊಳಗೆ ಬಂದು ಮುಟ್ಟುವ ಬಗೆಯನ್ನು ಇನ್ನು ಹೇಳಬೇಕು.

ಒಂದು ಮಳೆಗಾಲ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯನ್ನು ಕಳೆದುಕೊಂಡ. ಉತ್ತರಕ್ರಿಯೆಯ ದಿನ ಇರಿಸಲು ಭಾವಚಿತ್ರ ಬೇಕಾಯಿತು. ತಾಯಿ ಎಂದೂ ಕ್ಯಾಮರಾದ ಮುಂದೆ ಒಬ್ಬರೇ ಕುಳಿತವರಲ್ಲ. ಇದ್ದುದು ಸೋದರಸೊಸೆಯ ಮದುವೆಯ ಗುಂಪಿನ ಚಿತ್ರವೊಂದೇ. ಅದೂ ಯಾರಿಂದ ಯಾರಿಗೋ ವಾಟ್ಸಾಪಿನಲ್ಲಿ ಹೋಗಿ ಬಂದದ್ದು. ಪೇಟೆಯ ಸ್ಟುಡಿಯೊದವರು ಅದನ್ನು ಗಣಕಯಂತ್ರದಲ್ಲಿ ಹಿಗ್ಗಿಸಿ, ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ತಿದ್ದಿ, ದೊಡ್ಡ ಚೌಕಟ್ಟು ಹಾಕಿಕೊಟ್ಟರು. ಸೀರೆಯ ಅಂಚು ಮಿಂಚುತ್ತಿತ್ತು, ಚರ್ಮ ನುಣುಪಾಗಿತ್ತು, ಕಣ್ಣುಗಳಲ್ಲಿ ಹೊಳಪಿತ್ತು. ಅದನ್ನು ಅವನು ನಮ್ಮ ಮೇಜಿನ ಮೇಲೆ ಇರಿಸಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಮಾಷ್ಟ್ರೇ, ಇದು ಅಮ್ಮನ ಹಾಗೆ ಉಂಟು. ಆದರೆ ಅಮ್ಮ ಅಲ್ಲ.”

ಅವನ ಮಾತು ಲೆಕ್ಕಕ್ಕೂ ಸರಿಯೇ. 16 ಮಂದಿ ಅಡ್ಡಸಾಲಿನಲ್ಲಿ ನಿಂತರೆ ಚಿತ್ರದ ಅಗಲ ಸುಮಾರು 8 ಮೀಟರ್. 12 ಮೆಗಾಪಿಕ್ಸೆಲಿನ ಚಿತ್ರದಲ್ಲಿ ಅಡ್ಡಕ್ಕೆ ಇರುವುದು 4000 ಚುಕ್ಕೆಗಳು. ಒಂದು ಮೀಟರಿಗೆ 500. ಮನುಷ್ಯನ ಮುಖ ಸುಮಾರು 15 ಸೆಂಟಿಮೀಟರ್ ಅಗಲ. ಅದರ ಪಾಲಿಗೆ ಬರುವುದು 75. ವಾಟ್ಸಾಪು ಸಾಮಾನ್ಯ ರೀತಿಯಲ್ಲಿ ಕಳಿಸುವಾಗ ಚಿತ್ರವನ್ನು ಕುಗ್ಗಿಸಿ ಉದ್ದದ ಬದಿಗೆ ಸುಮಾರು 1600 ಚುಕ್ಕೆಗಳನ್ನು ಉಳಿಸುತ್ತದೆ. ಆಗ ಮುಖಕ್ಕೆ ಉಳಿದದ್ದು 30. ಅಡ್ಡಕ್ಕೆ 30 ಚುಕ್ಕೆಗಳಲ್ಲಿ ಒಂದು ಕಣ್ಣಿಗೆ ಸಿಗುವುದು ಐದೋ ಆರೋ. ಅಷ್ಟರಲ್ಲಿ ಕಣ್ಣಿನ ಆಕಾರ ಇರುವುದಿಲ್ಲ; ಕಣ್ಣು ಇದ್ದ ಸ್ಥಳವಷ್ಟೇ ಇರುತ್ತದೆ. ತಂತ್ರಾಂಶವು ತಾನು ಹಿಂದೆ ನೋಡಿ ಕಲಿತ ಅಸಂಖ್ಯ ಮುಖಗಳಿಂದ ಒಂದು ಕಣ್ಣನ್ನು ಕಲ್ಪಿಸಿ ಅಲ್ಲಿ ಕೂರಿಸಿತ್ತು. ಆ ತಾಯಿಯ ಎಡಗಣ್ಣಿನ ರೆಪ್ಪೆ ತುಸು ಜಾರಿದಂತಿದ್ದುದು ನಮಗೂ ನೆನಪಿದೆ. ಯಂತ್ರಕ್ಕೆ ಅದು ತಿಳಿಯುವುದು ಹೇಗೆ?

ಆಮೇಲೆ ಮೂಲಚಿತ್ರಕ್ಕಾಗಿ ಹುಡುಕಾಟ ನಡೆಯಿತು. ತೆಗೆದವರು ಮಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು. ಪುಣ್ಯಕ್ಕೆ ಅವಳ ಫೋನಿನಲ್ಲಿ ಅದು ಕುಗ್ಗದೆ ಉಳಿದಿತ್ತು. ಅದರಲ್ಲಿಯೂ ಮುಖಕ್ಕೆ 75ಕ್ಕಿಂತ ಹೆಚ್ಚಿಲ್ಲ. ಅಂಗುಲಕ್ಕೆ 150ರಂತೆ ಹಿಡಿದರೂ ಅರ್ಧ ಅಂಗುಲದ ಮುಖ. ಕೊನೆಗೆ ಮುಖವನ್ನು ಮಾತ್ರ ಹಿಗ್ಗಿಸುವ ಆಸೆಯನ್ನು ಬಿಟ್ಟು, ತಾಯಿಯೂ ಅವರ ಎರಡು ಬದಿಗೆ ನಿಂತ ತಂಗಿಯರಿಬ್ಬರೂ ಇದ್ದ ಒಂದೂವರೆ ಮೀಟರಿನ ಭಾಗವನ್ನು 5 ಅಂಗುಲ ಅಗಲಕ್ಕೆ ಮುದ್ರಿಸಿಕೊಂಡರು. ಚಿಕ್ಕದು, ಆದರೆ ಅದರಲ್ಲಿ ಇರುವವರು ಅವರೇ.

ಇಂತಹ ಸಂದರ್ಭಕ್ಕೆ 200 ಮೆಗಾಪಿಕ್ಸೆಲ್ ಇದ್ದಿದ್ದರೆ ಒದಗುತ್ತಿತ್ತಲ್ಲ ಎಂದು ಕೆಲವರು ಕೇಳಿಯಾರು. ಸ್ವಲ್ಪ ಒದಗುತ್ತಿತ್ತು, ಹೇಳಿದ ನಾಲ್ಕು ಪಟ್ಟು ಅಲ್ಲ. ಅದರ ಬದಲು ಎಂಟು ಮಂದಿಯಂತೆ ಎರಡು ಚಿತ್ರ ತೆಗೆದಿದ್ದರೆ, ತೆಗೆಯುವವಳು ಅರ್ಧ ದೂರ ಮುಂದೆ ಬಂದಿದ್ದರೆ, ಖರ್ಚಿಲ್ಲದೆ ಮುಖಕ್ಕೆ 150 ಚುಕ್ಕೆಗಳು ಬರುತ್ತಿದ್ದವು. ಅರ್ಧ ದೂರ ಮುಂದೆ ಬರುವುದೆಂದರೆ 12 ಮೆಗಾಪಿಕ್ಸೆಲನ್ನು 48 ಮಾಡಿದಂತೆ. ಇನ್ನೂ ಒಂದು ಸಲ ಅರ್ಧ ಮಾಡಿದರೆ 192. ಅಂಗಡಿಯ ದೊಡ್ಡ ಅಂಕಿ ನಮ್ಮ ಕಾಲುಗಳಲ್ಲಿಯೇ ಇದೆ.

ಒಬ್ಬರನ್ನೇ ಕೂರಿಸಿ, ಎದೆಯಿಂದ ಮೇಲಕ್ಕೆ, ಚಿತ್ರದ ಅಗಲ ಎರಡು ಅಡಿ ಬರುವಂತೆ ಫೋನನ್ನು ನೆಟ್ಟಗೆ ಹಿಡಿದು ತೆಗೆದರೆ ಅದೇ 12 ಮೆಗಾಪಿಕ್ಸೆಲಿನಲ್ಲಿ ಮುಖಕ್ಕೆ ಸುಮಾರು 750 ಚುಕ್ಕೆಗಳು ಸಿಗುತ್ತವೆ. ಅಂಗುಲಕ್ಕೆ 150ರಂತೆ 5 ಅಂಗುಲದ ಮುಖ: ಗೋಡೆಯ ದೊಡ್ಡ ಭಾವಚಿತ್ರಕ್ಕೆ ಧಾರಾಳ. ಒಂದು ಎಚ್ಚರಿಕೆ ಮಾತ್ರ ಬೇಕು. ಫೋನಿನ ಮುಖ್ಯ ಮಸೂರ ಅಗಲನೋಟದ್ದು. ಅದರಿಂದ ತೀರ ಸಮೀಪ ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ದೂರದ್ದನ್ನು ಎಳೆದು ತೋರಿಸುವ ಬೇರೆ ಮಸೂರ ಫೋನಿನಲ್ಲಿದ್ದರೆ ಒಂದೂವರೆ ಎರಡು ಮೀಟರ್ ದೂರ ನಿಂತು ಅದನ್ನು ಬಳಸಬೇಕು. ಇಲ್ಲದಿದ್ದರೆ ಅದೇ ದೂರದಿಂದ, ಹಗಲು ಬೆಳಕಿನಲ್ಲಿ, 48 ಅಥವಾ 50 ಮೆಗಾಪಿಕ್ಸೆಲಿನ ಗುಂಡಿಯನ್ನು ಒತ್ತಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಬಹುದು. ಮನೆಯ ಮಟ್ಟಿಗೆ ಆ ಹೆಚ್ಚಿನ ಅಂಕಿ ನಿಜವಾಗಿ ದುಡಿಯುವುದು ಇಂತಹ ಕಡೆ. ಅಜ್ಜಿಯನ್ನು ಜಗಲಿಯ ಅಂಚಿನಲ್ಲಿ, ಬಿಸಿಲು ನೇರ ಬೀಳದ ಕಡೆ ಕೂರಿಸಿದರೆ ಬೆಳಕಿನ ಕೊರತೆಯೂ ಇರದು. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಕಪ್ಪುಬಿಳುಪಿನಲ್ಲಿ ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಅವುಗಳನ್ನು ಕಂಡವರಿಗೆ ಮುಖಗಳ ಸಾಮೀಪ್ಯ ನೆನಪಿರುತ್ತದೆ. ಚುಕ್ಕೆಗಳ ಎಣಿಕೆ ಯಾರಿಗೂ ಹೊಳೆಯದು.

ಇನ್ನೊಂದು ವಿಚಿತ್ರವನ್ನು ಓದುಗರು ತಮ್ಮ ಮನೆಗಳಲ್ಲಿಯೇ ಪರೀಕ್ಷಿಸಬಹುದು. ಅಜ್ಜನ ಕಾಲದ ಶಾಲಾ ಗುಂಪಿನ ಚಿತ್ರಕ್ಕೆ ಭೂತಗನ್ನಡಿ ಹಿಡಿದರೆ ಹಿಂದಿನ ಸಾಲಿನ ಹುಡುಗನ ಅಂಗಿಯ ಗುಂಡಿಯೂ ಕಾಣುವುದುಂಟು. 1990ರ ಸುಮಾರಿನ ಮದುವೆಯ ಬಣ್ಣದ ಆಲ್ಬಮ್ಮಿಗೆ ಹಿಡಿದರೆ ಎಲ್ಲವೂ ಹಿಟ್ಟು ಕಲಸಿದಂತೆ. ಕಾರಣ ಸರಳ. ಹಳೆಯ ಸ್ಟುಡಿಯೊಗಳ ‘ಫುಲ್ ಪ್ಲೇಟ್’ ಗಾಜಿನ ನೆಗೆಟಿವಿನ ಅಳತೆ ಆರೂವರೆ ಅಂಗುಲ, ಎಂಟೂವರೆ ಅಂಗುಲ. ಕಾಗದವನ್ನು ಅದಕ್ಕೆ ಒತ್ತಿ ಹಿಡಿದು ಅದೇ ಅಳತೆಯ ಪ್ರಿಂಟು ತೆಗೆಯುತ್ತಿದ್ದರು. ಆಮೇಲೆ ಬಂದ ಸಣ್ಣ ಕ್ಯಾಮರಾದ ಫಿಲ್ಮಿನ ಚೌಕಟ್ಟು 24 ಮಿಲಿಮೀಟರ್, 36 ಮಿಲಿಮೀಟರ್. ವಿಸ್ತೀರ್ಣದಲ್ಲಿ ಮೊದಲನೆಯದು ಇದರ 41 ಪಟ್ಟು. ಫಿಲ್ಮಿನ ಮಾತು ಬಂದುದರಿಂದ ನೀಲಗಿರಿಯ ಬಾಂಧವರನ್ನು ನೆನೆಯದೆ ಮುಂದೆ ಹೋಗಲಾಗದು: ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ‘ಇಂದು’ ಎಂಬ ಹೆಸರಿನ ಕಪ್ಪುಬಿಳುಪು ಸಾಮಗ್ರಿಗಳನ್ನು ದೇಶಕ್ಕೆಲ್ಲ ಒದಗಿಸಿತು. ಅದು ಈಗ ಮುಚ್ಚಿದೆ. ಅದರ ಕಾಗದದ ಮೇಲೆ ಮೂಡಿದ ಮುಖಗಳು ಇನ್ನೂ ಗೋಡೆಗಳ ಮೇಲಿವೆ. ಇಂತಹ ಹಳೆಯ ದೊಡ್ಡ ಪ್ರಿಂಟುಗಳನ್ನು ಗಾಜಿನ ಮೇಲಿಂದ ಫೋನಿನಲ್ಲಿ ಹೊಡೆದು ಸುಮ್ಮನಾಗಬಾರದು. ಚೌಕಟ್ಟಿನಿಂದ ಜೋಪಾನವಾಗಿ ಬಿಡಿಸಿ, ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600ರಂತೆ ಇಳಿಸಿಕೊಳ್ಳಬೇಕು. ಫುಲ್ ಪ್ಲೇಟಿಗೆ ಅದು ಸುಮಾರು 2 ಕೋಟಿ ಚುಕ್ಕೆಗಳಾಗುತ್ತದೆ. ಇಲ್ಲಿ ಅಷ್ಟೂ ಬೇಕು.

ಕಳಿಸುವ ವಿಷಯದಲ್ಲಿ ಒಂದೆರಡು ಮಾತು. 2023ರಲ್ಲಿ ವಾಟ್ಸಾಪಿಗೆ ಎಚ್‌ಡಿ ಎಂಬ ಆಯ್ಕೆ ಬಂದಿತು. ಅದನ್ನು ಒತ್ತಿದರೆ ಕುಗ್ಗುವಿಕೆ ಕಡಿಮೆ. ಚಿತ್ರವನ್ನು ಚಿತ್ರವಾಗಿ ಅಲ್ಲ, ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಒಂದು ಚುಕ್ಕೆಯೂ ಕಳೆಯದೆ ಹೋಗುತ್ತದೆ. ಗಲ್ಫಿನಲ್ಲಿಯೋ ಮುಂಬಯಿಯಲ್ಲಿಯೋ ಇರುವ ಮಕ್ಕಳಿಗೆ ಇಷ್ಟು ತಿಳಿಸಿದರೆ, 108ರ ಫೋನು ಕೊಂಡುಕೊಂಡು 2 ಮೆಗಾಪಿಕ್ಸೆಲಿನ ಚಿತ್ರವನ್ನು ಮನೆಗೆ ಕಳಿಸುವ ವಿಪರೀತ ತಪ್ಪುತ್ತದೆ.

ಹೆಚ್ಚು ಚುಕ್ಕೆಗಳು ನಿಜವಾಗಿ ಬೇಕಾದ ಕೆಲಸಗಳೂ ಇವೆ. ದೂರದ ಹಕ್ಕಿಯನ್ನು ತೆಗೆಯುವವನು ಚಿತ್ರದ ಅಂಚುಗಳನ್ನು ಕತ್ತರಿಸಲೇಬೇಕು; ಉದ್ದಗಲಗಳನ್ನು ಅರ್ಧ ಮಾಡಿದರೆ ಉಳಿಯುವುದು ಕಾಲು ಭಾಗ. 2017ರ ನಿಕಾನ್ ಡಿ850ರ ಸುಮಾರು 46 ಮೆಗಾಪಿಕ್ಸೆಲಿನಲ್ಲಿ ಕಾಲು ಭಾಗವೂ 11ಕ್ಕೆ ಮೀರುವುದರಿಂದ ಅಂಥವನಿಗೆ ಅದು ಸಾರ್ಥಕ. ನಮ್ಮ ಮನೆಗಳ ಮಟ್ಟಿಗೆ ಇದಕ್ಕಿಂತ ಮುಖ್ಯವಾದುದು ಹಳೆಯ ಕಾಗದಪತ್ರಗಳು. 1956ರ ನವೆಂಬರ್ 1ರಂದು ಗಡಿ ಬದಲಾಗುವುದಕ್ಕೆ ಮೊದಲಿನ ಕನ್ನಡದ ದಸ್ತಾವೇಜುಗಳು, ಪತ್ರಗಳು, ಶಾಲೆಯ ದಾಖಲೆ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಜತ್ತ, ಅಕ್ಕಲಕೋಟೆಗಳ ಕಡೆ ಮೋಡಿ ಲಿಪಿಯವೂ ಇವೆ. ಗೆದ್ದಲಿಗೆ ಗಡಿಯ ಭೇದವಿಲ್ಲ. 8 ಅಂಗುಲ, 13 ಅಂಗುಲದ ಹಾಳೆಯನ್ನು ಚೌಕಟ್ಟು ತುಂಬುವಂತೆ ನೆಟ್ಟಗೆ ಮೇಲಿನಿಂದ ತೆಗೆದರೆ 12 ಮೆಗಾಪಿಕ್ಸೆಲಿನಲ್ಲಿಯೇ ಅಂಗುಲಕ್ಕೆ 300ಕ್ಕೂ ಹೆಚ್ಚು ಚುಕ್ಕೆಗಳು ಬರುತ್ತವೆ. ಮಾಸಿದ ಶಾಯಿಯೂ ಅಂಚಿನ ಟಿಪ್ಪಣಿಯೂ ಓದಲು ಬರುತ್ತವೆ.

ತಾಳೆಗರಿಯ ಸಂಗತಿ ಬೇರೆ. ತುಳು ಲಿಪಿಯ ಓಲೆಗಳನ್ನು ಅರಸಿ ಓದಿ ಕಾವ್ಯಗಳನ್ನು ಬೆಳಕಿಗೆ ತಂದ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ನಮ್ಮ ಸೀಮೆಯವರೇ. ಅಂಥ ಓಲೆಗಳು ಇನ್ನೂ ಕೆಲವು ಮನೆಗಳ ದೇವರ ಕೋಣೆಯಲ್ಲಿವೆ. ಓಲೆ 18 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲವೆಂದು ಇಟ್ಟುಕೊಳ್ಳೋಣ. ಪೂರ್ತಿ ಉದ್ದವನ್ನು ಒಮ್ಮೆಗೆ ತೆಗೆದರೆ 4000 ಚುಕ್ಕೆಗಳು 18 ಅಂಗುಲಕ್ಕೆ ಹಂಚಿ, ಅಂಗುಲಕ್ಕೆ 222 ಮಾತ್ರ; ಚಿತ್ರದ ಮೇಲಿನ, ಕೆಳಗಿನ ಭಾಗವೆಲ್ಲ ಬರಿಯ ಚಾಪೆ. ಕಂಟದಿಂದ ಕೊರೆದ ಕೂದಲೆಳೆಯ ಅಕ್ಷರಕ್ಕೆ ಇದು ಸಾಲದು. ಇದಕ್ಕಾಗಿ ಹೊಸ ಕ್ಯಾಮರಾ ಕೊಳ್ಳಬೇಕಾಗಿಲ್ಲ. ಎಡ ಅರ್ಧವನ್ನೂ ಬಲ ಅರ್ಧವನ್ನೂ ಬೇರೆ ಬೇರೆಯಾಗಿ, ನಡುವೆ ಒಂದೆರಡು ಅಂಗುಲ ಎರಡರಲ್ಲಿಯೂ ಬರುವಂತೆ ತೆಗೆದರೆ ಅಂಗುಲಕ್ಕೆ 400 ಸಿಗುತ್ತದೆ. ಬೆಳಕು ಮೇಲಿನಿಂದ ಬೀಳಬಾರದು; ಕಿಟಕಿಯ ಬಳಿ ಓರೆಯಾಗಿ ಬಿದ್ದರೆ ಮಸಿ ಹೋದ ಗೀರುಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಓದಲೆಂದು ಎಣ್ಣೆಯನ್ನಾಗಲಿ ಮಸಿಯನ್ನಾಗಲಿ ತಿಳಿದವರನ್ನು ಕೇಳದೆ ಹಚ್ಚಬಾರದು. ಓಲೆಗಳ ಕ್ರಮ ತಪ್ಪದಂತೆ ಒಂದೊಂದಕ್ಕೂ ಚೀಟಿಯಲ್ಲಿ ಸಂಖ್ಯೆ ಬರೆದು, ಚೀಟಿಯೂ ಚಿತ್ರದೊಳಗೆ ಬರುವಂತೆ ಇರಿಸಬೇಕು. ಪಕ್ಕದಲ್ಲಿ ಶಾಲೆಯ ಮಕ್ಕಳ ಅಡಿಪಟ್ಟಿಯೊಂದನ್ನು ಇಟ್ಟು ತೆಗೆದರೆ, ಮುಂದೆ ಎಂದೋ ಎಲ್ಲಿಯೋ ಅದನ್ನು ಓದಲು ಕುಳಿತವರಿಗೆ ಓಲೆಯ ಅಳತೆಯೂ ತಿಳಿಯುತ್ತದೆ.